ಜೇನಿನ ವೇಷದ ದರೋಡೆ ನೊಣ: ಮೈ ಬಿಡಿ, ಮುಖ ನೋಡಿ

(ನಿಸರ್ಗಾಸಕ್ತರ ಒಂದು ಸಣ್ಣ ಕೂಟದಲ್ಲಿ ಮಾಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅವುಗಳಲ್ಲಿ ಏನಿತ್ತು ಅನ್ನುವುದನ್ನು ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬೆಳಗ್ಗೆ ಎದ್ದು ನೊಣದ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ಹುಲಿ, ಆನೆ ಅಂದರೆ ಸಭಾಂಗಣ ತುಂಬುವುದು ಸಹಜ. ನೊಣಕ್ಕೂ ಜನ ಬರುತ್ತಾರೆ ಅಂದರೆ ಖುಷಿಯ ವಿಷಯವೇ.

ಮೊದಲ ಚಿತ್ರ ನೋಡಿ. ಒಣಗಿದ ಕಡ್ಡಿಯ ತುದಿಯಲ್ಲಿ ದಪ್ಪನೆಯ ಕಪ್ಪು ಕೀಟ ಕೂತಿದೆ. ಮೈತುಂಬ ರೋಮ. ಎದೆಯ ಮೇಲೆ ಹಳದಿ ತುಪ್ಪಳ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನೆಂಟರೊಬ್ಬರು ಹಿತ್ತಲಲ್ಲಿ ತೆಗೆದು ಕಳಿಸಿದ್ದು. "ನಮ್ಮೂರ ದುಂಬಿ ಇಲ್ಲೂ ಇದೆ ನೋಡು" ಅಂತ ಕೆಳಗೆ ಬರೆದಿದ್ದರು. ನೀವೇನಂತೀರಿ? ದುಂಬಿನಾ? ಹೌದು ಅಂದವರೇ ಜಾಸ್ತಿ.

ಈಗ ಅದನ್ನೇ ದೊಡ್ಡದು ಮಾಡುತ್ತೇನೆ. ಅದರ ಮುಂಗಾಲುಗಳ ನಡುವೆ ಇನ್ನೊಂದು ಕೀಟ ಇದೆ, ಕಂಡಿತಾ? ಅದು ಜೇನುಹುಳ. ರೆಕ್ಕೆ ಜೋತುಬಿದ್ದಿದೆ. ತಲೆ ಮತ್ತು ಎದೆಯ ನಡುವೆ, ಕತ್ತಿನ ಮೆತ್ತನೆಯ ಜಾಗಕ್ಕೆ ಒಂದು ಗಟ್ಟಿ ಕಪ್ಪು ಕೊಕ್ಕು ಇಳಿದಿದೆ. ಆ ಕೊಕ್ಕು ಹೊರಟಿರುವುದು ನೀವು ದುಂಬಿ ಅಂದ ಕೀಟದ ಮುಖದಿಂದ. ದುಂಬಿ ಹೂವಿನ ರಸ, ಪರಾಗ ನಂಬಿ ಬದುಕುವ ಜೀವಿ. ಜೇನುಹುಳ ಹಿಡಿದು ಹೀರುವ ಕೆಲಸ ಅದರದ್ದಲ್ಲ. ಇದು ದರೋಡೆ ನೊಣ. ಇಂಗ್ಲಿಷಿನವರ ರಾಬರ್ ಫ್ಲೈ. ಈ ಚಿತ್ರದಲ್ಲಿರುವುದು ಲಾಫ್ರಿಯ ಅನ್ನುವ ಕುಲದ್ದು.

ದರೋಡೆ ನೊಣಗಳ ಕುಟುಂಬದ ಹೆಸರು ಅಸಿಲಿಡೆ. ಪ್ರಪಂಚದಲ್ಲಿ 7000ಕ್ಕೂ ಹೆಚ್ಚು ಬಗೆ ಇವೆ. ಅಂಟಾರ್ಕ್ಟಿಕ ಬಿಟ್ಟರೆ ಎಲ್ಲ ಖಂಡಗಳಲ್ಲೂ ಸಿಗುತ್ತವೆ. ಭಾರತದ ದರೋಡೆ ನೊಣಗಳ ವಿಷಯದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಎ. ಎನ್. ಟಿ. ಜೋಸೆಫ್ ಮತ್ತು ಪಿ. ಪರುಯಿ ಅವರು ಮಾಡಿದ ಕೆಲಸ ದೊಡ್ಡದು. ಎಷ್ಟೋ ಬಗೆಗಳಿಗೆ ಹೆಸರಿಟ್ಟವರೇ ಅವರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಹೆಚ್ಚಿನವು ಜೇನಿನ ವೇಷ ಹಾಕುವುದಿಲ್ಲ. ತೆಳ್ಳಗೆ, ಉದ್ದಕ್ಕೆ, ಬೂದಿ ಇಲ್ಲವೇ ಕಂದು ಬಣ್ಣದಲ್ಲಿ ಇರುತ್ತವೆ. ನಮ್ಮ ಗದ್ದೆ ಬದುವಿನಲ್ಲಿ, ತೋಟದ ಬೇಲಿಯಲ್ಲಿ ಕಾಣುವವು ಬಹುಪಾಲು ಇಂಥವೇ. ಜೇನನ್ನು ಹೋಲುವವು ಒಂದು ಸಣ್ಣ ಗುಂಪು. ಆದರೆ ಆ ಗುಂಪು ಎಷ್ಟು ಚೆನ್ನಾಗಿ ಹೋಲುತ್ತದೆ ಅಂದರೆ, ವರ್ಷಗಟ್ಟಲೆ ಕೀಟ ನೋಡುವವರೂ ಕ್ಷಣ ಹೊತ್ತು ತಬ್ಬಿಬ್ಬಾಗುತ್ತಾರೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನನ್ನ ಅನಿಸಿಕೆ ಇಷ್ಟೇ: ಬಣ್ಣ ನೋಡಬೇಡಿ, ರೋಮ ನೋಡಬೇಡಿ, ಗಾತ್ರ ನೋಡಬೇಡಿ. ನೊಣ ಸುಳ್ಳು ಹೇಳುವುದೇ ಆ ಮೂರರಲ್ಲಿ. ಮಂಗಳೂರಿನ ದಸರಾದಲ್ಲಿ ಹುಲಿವೇಷ ನೋಡಿದ್ದೀರಲ್ಲ, ಪಟ್ಟೆ ಎಷ್ಟೇ ಚೆನ್ನಾಗಿ ಬರೆದರೂ ಕುಣಿಯುವ ಕಾಲು ಮನುಷ್ಯನದ್ದೇ. ಇಲ್ಲೂ ಹಾಗೆ. ಬೇಟೆಯಾಡಲು ಯಾವ ಅಂಗ ಬೇಕೋ ಅದನ್ನು ಈ ನೊಣ ಮರೆಮಾಡಲು ಆಗುವುದಿಲ್ಲ. ಮರೆಮಾಡಿದರೆ ಅವತ್ತು ಊಟ ಇಲ್ಲ. ಆದ್ದರಿಂದ ಬೇಟೆಗೆ ಬೇಕಾದ ಅಂಗಗಳನ್ನೇ ಹುಡುಕಿ. ಅವೆಲ್ಲ ಇರುವುದು ಹೆಚ್ಚಾಗಿ ಮುಖದಲ್ಲಿ.

ಎರಡನೇ ಚಿತ್ರದಲ್ಲಿ ಬರೀ ಮುಖ ಇದೆ. ನೇರ ಎದುರಿನಿಂದ ತೆಗೆದದ್ದು. ಎರಡು ದೊಡ್ಡ ಕಣ್ಣು ಎರಡೂ ಕಡೆ ಉಬ್ಬಿ ನಿಂತಿವೆ. ಅವುಗಳ ನಡುವೆ ನೆತ್ತಿ ಸಮತಟ್ಟಾಗಿಲ್ಲ. ಒಳಕ್ಕೆ ತಗ್ಗಿದೆ, ಒಂದು ಗುಳಿ ಬಿದ್ದ ಹಾಗೆ. ಆ ಗುಳಿಯ ನಡುವೆ ಒಂದು ಸಣ್ಣ ಗುಬುಟು. ಅದರ ಮೇಲೆ ಮೂರು ಪುಟ್ಟ ಕಣ್ಣು. ಈ ನೆತ್ತಿಯ ಗುಳಿ ಇದೆಯಲ್ಲ, ಅದು ದರೋಡೆ ನೊಣಗಳ ಮನೆತನದ ಗುರುತು. ತೆಳ್ಳಗಿನ ಬೂದಿ ನೊಣಕ್ಕೂ ಇರುತ್ತದೆ, ಜೇನಿನ ವೇಷದ ದಪ್ಪ ನೊಣಕ್ಕೂ ಇರುತ್ತದೆ. ಜೇನಿಗೆ, ದುಂಬಿಗೆ ಇರುವುದಿಲ್ಲ. ಜೇನಿನ ಕಣ್ಣುಗಳು ತಲೆಯ ಎರಡು ಬದಿಗೆ ಉದ್ದಕ್ಕೆ ಅಂಟಿಕೊಂಡ ಹಾಗಿರುತ್ತವೆ, ನೆತ್ತಿ ಗುಂಡಗಿರುತ್ತದೆ.

ಕಣ್ಣಿನ ಕೆಳಗೆ ಬನ್ನಿ. ಮುಖದ ಮೇಲೆ ಒರಟು ಕೂದಲಿನ ಒಂದು ಗೊಂಚಲು ಮುಂದಕ್ಕೆ ಚಾಚಿದೆ. ಕೀಟ ತಜ್ಞರು ಮಿಸ್ಟ್ಯಾಕ್ಸ್ ಅನ್ನುತ್ತಾರೆ. ನಾವು ಮೀಸೆ ಅನ್ನೋಣ, ನೋಡಿದರೆ ಹಾಗೇ ಕಾಣುತ್ತದೆ. ಇದು ಅಲಂಕಾರಕ್ಕಲ್ಲ. ಹಿಡಿದ ಬೇಟೆ ಒದ್ದಾಡುತ್ತದೆ, ಕಾಲಿನಿಂದ ಕೆರೆಯುತ್ತದೆ, ಜೇನಾದರೆ ಕುಟುಕಲು ನೋಡುತ್ತದೆ. ಆಗ ಮುಖಕ್ಕೆ ಏಟು ಬೀಳದ ಹಾಗೆ ಈ ಮೀಸೆ ತಡೆಯುತ್ತದೆ. ಜೇನಿನ ಮುಖದಲ್ಲೂ ರೋಮ ಇರಬಹುದು. ಆದರೆ ಅದು ಮೆತ್ತಗೆ, ಮೈಮೇಲಿನ ತುಪ್ಪಳದ ಹಾಗೆಯೇ ಇರುತ್ತದೆ. ಮುಂದಕ್ಕೆ ಚಾಚಿದ ಒರಟು ಗೊಂಚಲು ಇರುವುದಿಲ್ಲ.

ಮೀಸೆಯ ಕೆಳಗೆ ಕೊಕ್ಕು. ಕಪ್ಪಗೆ, ಗಟ್ಟಿಯಾಗಿ, ಮುಂದಕ್ಕೋ ಕೆಳಕ್ಕೋ ಓರೆಯಾಗಿ ನಿಂತಿರುತ್ತದೆ. ಜೇನಿನ ನಾಲಿಗೆ ಕೆಲಸ ಇಲ್ಲದಾಗ ಗದ್ದದ ಕೆಳಗೆ ಮಡಚಿಕೊಂಡಿರುತ್ತದೆ. ದರೋಡೆ ನೊಣದ ಕೊಕ್ಕು ಮಡಚುವಂಥದ್ದಲ್ಲ.

ಇನ್ನು ಮೀಸೆಯ ಮೇಲೆ, ಕಣ್ಣುಗಳ ನಡುವಿನಿಂದ ಹೊರಡುವ ಆಂಟೆನಾ ನೋಡಿ. ದೂರದಿಂದಲೂ ಕಾಣುವ, ಫೋಟೋ ಸ್ವಲ್ಪ ಮಸುಕಾಗಿದ್ದರೂ ಕೈಕೊಡದ ಗುರುತು ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಜೇನಿನ ಆಂಟೆನಾ ಉದ್ದ. ಮೊದಲ ಗೆಣ್ಣು ಉದ್ದಕ್ಕೆ ಹೋಗಿ, ಅಲ್ಲಿಂದ ಮೊಣಕೈ ಥರ ಬಾಗಿ, ಮುಂದೆ ಸಣ್ಣ ಸಣ್ಣ ಗೆಣ್ಣುಗಳಾಗಿ ಮುಂದುವರಿಯುತ್ತದೆ. ಹೆಣ್ಣಿಗೆ ಒಟ್ಟು 12 ಗೆಣ್ಣು, ಗಂಡಿಗೆ 13. ದರೋಡೆ ನೊಣದ ಆಂಟೆನಾ ಗಿಡ್ಡ. ನೇರಕ್ಕೆ ಮುಂದೆ ಚಾಚಿರುತ್ತದೆ. ಎಣಿಸಿದರೆ ಮೂರು ಮುಖ್ಯ ಭಾಗ. ಲಾಫ್ರಿಯದಲ್ಲಿ ಕೊನೆಯ ಭಾಗ ದಪ್ಪ, ತುದಿಯಲ್ಲಿ ಮತ್ತೇನೂ ಇಲ್ಲ. ದಕ್ಷಿಣ ಅಮೆರಿಕ ಮತ್ತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿರುವ ಮ್ಯಾಲೊಫೊರ ಅನ್ನುವ ಇನ್ನೊಂದು ಕುಲವೂ ದುಂಬಿಯ ವೇಷದ್ದೇ. ಅದರ ಆಂಟೆನಾದ ತುದಿಯಲ್ಲಿ ನೂಲಿನಂಥ ಎಳೆ ಇರುತ್ತದೆ. ಹೊರಗಿನಿಂದ ಅವಳಿ ಥರ ಕಾಣುವ ಈ ಎರಡು ಕುಲಗಳು ದರೋಡೆ ನೊಣಗಳ ಬೇರೆ ಬೇರೆ ಕವಲುಗಳಿಗೆ ಸೇರಿದವು. ಅಂದರೆ ದುಂಬಿಯ ವೇಷ ಈ ಕುಟುಂಬದಲ್ಲಿ ಒಂದೇ ಸಲ ಹುಟ್ಟಿದ್ದಲ್ಲ.

ಈಗ ಯಾರೋ ಕೇಳೇ ಕೇಳುತ್ತೀರಿ. ಶಾಲೆಯಲ್ಲಿ ಹೇಳಿಕೊಟ್ಟ ಸುಲಭದ ನಿಯಮ ಇದೆಯಲ್ಲ, ನೊಣಕ್ಕೆ ಎರಡು ರೆಕ್ಕೆ, ಜೇನಿಗೆ ನಾಲ್ಕು? ನಿಯಮ ಸರಿಯೇ. ಆದರೆ ಹೊರಗೆ, ಬಿಸಿಲಲ್ಲಿ, ಕೂತಿರುವ ಕೀಟದ ಮುಂದೆ ಅದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಜೇನಿನ ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಪುಟ್ಟ ಕೊಕ್ಕೆಗಳಿವೆ. ಅವು ಮುಂದಿನ ರೆಕ್ಕೆಯ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಹಾರುವಾಗ ನಾಲ್ಕೂ ಸೇರಿ ಎರಡರಂತೆ ಕಾಣುತ್ತವೆ. ಕೂತಾಗ ಒಂದರ ಮೇಲೊಂದು ಮಡಚಿಕೊಂಡು ಇನ್ನೂ ಗೊಂದಲ. ನೊಣದ ಹಿಂದಿನ ರೆಕ್ಕೆ ಸವೆದು ಸಣ್ಣ ಗುಂಡಿಯಂಥ ಕಡ್ಡಿಯಾಗಿದೆ. ಹಾಲ್ಟರ್ ಅನ್ನುತ್ತಾರೆ. ಹಾರುವಾಗ ಮೈಯ ಸಮತೋಲ ತಿಳಿಯಲು ಅದು ಬೇಕು. ಪಕ್ಕದಿಂದ ತೆಗೆದ ಒಳ್ಳೆಯ ಫೋಟೋದಲ್ಲಿ ರೆಕ್ಕೆಯ ಬುಡದ ಹಿಂದೆ ಅದು ಕಂಡರೆ ಅಲ್ಲಿಗೆ ಕೇಸು ಮುಗಿಯಿತು, ನೊಣವೇ. ಆದರೆ ವೇಷದ ನೊಣಗಳಲ್ಲಿ ರೋಮದ ನಡುವೆ ಅದು ಮುಚ್ಚಿಹೋಗಿರುವುದೇ ಜಾಸ್ತಿ. ಹಾಗಾಗಿ ರೆಕ್ಕೆ ಎಣಿಸುತ್ತಾ ಕೂರಬೇಡಿ. ಅಷ್ಟರಲ್ಲಿ ಅದು ಹಾರಿಹೋಗಿರುತ್ತದೆ.

ಕಾಲಿನ ಬಗ್ಗೆ ಒಂದು ಎಚ್ಚರಿಕೆ. ಜೇನಿನ ಹಿಂಗಾಲಿನಲ್ಲಿ ಪರಾಗದ ಹಳದಿ ಉಂಡೆ ಕಂಡರೆ ಜೇನು ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಈ ವೇಷಗಾರರಲ್ಲಿ ಕೆಲವಕ್ಕೆ ಹಿಂಗಾಲಿನ ಮೇಲೆ ಹಳದಿ ರೋಮದ ದಟ್ಟ ಪಟ್ಟಿ ಇರುತ್ತದೆ. ದೂರದಿಂದ ಥೇಟ್ ಪರಾಗ ಹೊತ್ತ ಹಾಗೆ! ನನಗಂತೂ ಈ ವೇಷದಲ್ಲಿ ಅತಿ ಇಷ್ಟವಾದ ಭಾಗ ಇದು. ಆದರೂ ಕಾಲು ಪೂರ್ತಿ ಸುಳ್ಳು ಹೇಳಲಾರದು. ಹತ್ತಿರದಿಂದ ನೋಡಿದರೆ ದರೋಡೆ ನೊಣದ ಕಾಲು ಉದ್ದ, ತೊಡೆ ದಪ್ಪ, ಅಲ್ಲಲ್ಲಿ ಗಟ್ಟಿ ಮುಳ್ಳು. ಹಾರುತ್ತಿರುವ ಕೀಟವನ್ನು ಗಾಳಿಯಲ್ಲೇ ಬಾಚಿ ಹಿಡಿಯಲು ಮಾಡಿದ ಕಾಲು ಅದು. ಸೊಂಟವೂ ಅಷ್ಟೇ. ಜೇನಿಗೆ ಎದೆ ಮತ್ತು ಹೊಟ್ಟೆಯ ನಡುವೆ ಸಣ್ಣ ನಡು ಇರುತ್ತದೆ. ನೊಣಕ್ಕೆ ಅಗಲವಾಗಿ ಕೂಡಿಕೊಂಡಿರುತ್ತದೆ. ರೋಮ ಜಾಸ್ತಿ ಇದ್ದರೆ ಇದು ಕಾಣಿಸದು, ಅದನ್ನೇ ನೆಚ್ಚಿಕೊಳ್ಳಬೇಡಿ.

ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ, ಕನ್ನಡಕ ಕೂಡ ಮನೆಯಲ್ಲಿ ಮರೆತು ಬಂದಿದ್ದೀರಿ. ಆಗ? ಅದರ ನಡತೆ ನೋಡಿ. ಹೂವಿನ ಹತ್ತಿರ ಇರುವ ಜೇನು ಒಂದು ಕಡೆ ನಿಲ್ಲುವುದಿಲ್ಲ. ಹೂವಿಂದ ಹೂವಿಗೆ ಹೋಗುತ್ತಲೇ ಇರುತ್ತದೆ. ದರೋಡೆ ನೊಣ ಸುತ್ತ ಚೆನ್ನಾಗಿ ಕಾಣುವ ಒಂದು ಜಾಗ ಆರಿಸಿಕೊಳ್ಳುತ್ತದೆ. ಒಣಕಡ್ಡಿಯ ತುದಿ, ಬಿಸಿಲು ಬಿದ್ದ ಎಲೆ, ಕಡಿದು ಹಾಕಿದ ಮರದ ದಿಮ್ಮಿ. ಅಲ್ಲಿ ಸುಮ್ನೆ ಕೂರುತ್ತದೆ. ಮೈ ಅಲ್ಲಾಡುವುದಿಲ್ಲ, ತಲೆ ಮಾತ್ರ ಹೊರಳುತ್ತದೆ. ಮೇಲೆ ಏನೋ ಹಾರಿತು, ತಲೆ ಅತ್ತ ತಿರುಗಿತು, ಮರುಕ್ಷಣ ನೊಣ ಅಲ್ಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಕಡ್ಡಿಗೋ, ಪಕ್ಕದ್ದಕ್ಕೋ ವಾಪಸು ಬರುತ್ತದೆ. ಅದೃಷ್ಟ ಇದ್ದರೆ ಕೈಯಲ್ಲಿ ಊಟ ಇರುತ್ತದೆ. ದುಂಬಿಯ ಗಂಡುಗಳೂ ಒಂದು ಜಾಗ ಹಿಡಿದು ಕಾಯುವುದುಂಟು. ಆದರೆ ಅವು ಹೆಚ್ಚಾಗಿ ಗಾಳಿಯಲ್ಲೇ ನಿಂತು ಕಾಯುತ್ತವೆ, ಬಂದವರನ್ನು ಅಟ್ಟುತ್ತವೆ. ಹಿಡಿದು ತಿನ್ನುವುದಿಲ್ಲ.

ಬಣ್ಣ ಮತ್ತು ರೋಮದ ಜೊತೆ ಸದ್ದೂ ನಕಲಾಗಬಹುದು. ಲಾಫ್ರಿಯ ಹಾರುವಾಗ ದುಂಬಿಯ ಥರವೇ ಗುಂಯ್ ಅನ್ನುತ್ತದೆ. ಕಿವಿಯನ್ನು ನಂಬಿ ತೀರ್ಮಾನ ಮಾಡಬೇಡಿ.

ಇವುಗಳ ಕಣ್ಣಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹೋಲ್ಕೊಸೆಫಲ ಅನ್ನುವ ಒಂದು ಪುಟ್ಟ ದರೋಡೆ ನೊಣ ಇದೆ. ಉದ್ದ ಸುಮಾರು 6 ಮಿಲಿಮೀಟರ್. ವೇಷಗೀಷ ಏನೂ ಇಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು ದಾರಕ್ಕೆ ಮಣಿ ಕಟ್ಟಿ, ಅದನ್ನು ಗಾಳಿಯಲ್ಲಿ ಎಳೆದು, ನೊಣ ಅದರ ಬೆನ್ನು ಹತ್ತುವುದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು 2017ರಲ್ಲಿ ಪ್ರಕಟಿಸಿತು. ನೊಣ ಮಣಿಯ ಹಿಂದೆ ಹಿಂದೆ ಓಡುವುದಿಲ್ಲ. ಮಣಿ ಮುಂದೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ನೇರ ಹೋಗುತ್ತದೆ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ವೇಗ ಹೊಂದಿಸಿಕೊಂಡು, ಓರೆಯಾಗಿ ಬಂದು ಹಿಡಿಯುತ್ತದೆ. ಅದರ ಕಣ್ಣಿನ ಮುಂಭಾಗದಲ್ಲಿ ಉಳಿದವಕ್ಕಿಂತ ದೊಡ್ಡ ಮಸೂರಗಳ ಒಂದು ಗುಂಪಿದೆ. ಅಷ್ಟು ಪುಟ್ಟ ತಲೆಯಲ್ಲಿ ಅಷ್ಟು ಸೂಕ್ಷ್ಮ ನೋಟ ಬಂದಿರುವುದು ಅದರಿಂದ. ನೆತ್ತಿಗೆ ಗುಳಿ ಬೀಳುವಷ್ಟು ಉಬ್ಬಿದ ಕಣ್ಣು, ಬೇಟೆಯತ್ತ ಹೊರಳುವ ತಲೆ ಎರಡೂ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಮೂರನೇ ಚಿತ್ರಕ್ಕೆ ಹೋಗುವ ಮುಂಚೆ ಒಂದು ಮಾತು. ಜೇನಿನಂತೆ ಕಾಣುವ ನೊಣವೆಲ್ಲ ದರೋಡೆ ನೊಣ ಅಲ್ಲ. ಈ ತಪ್ಪು ಕೂಡ ಸಾಮಾನ್ಯ. ಈ ಚಿತ್ರದಲ್ಲಿ ಸೇವಂತಿಗೆ ಮೇಲೆ ಕೂತಿರುವುದು ಹೂನೊಣ, ಸಿರ್ಫಿಡ್ ಕುಟುಂಬದ್ದು. ತುಡುವೆ ಜೇನಿನಷ್ಟೇ ಗಾತ್ರ, ಅದೇ ಕಂದು ಬಣ್ಣ. ಇದೂ ನೊಣ, ಇದಕ್ಕೂ ಗಿಡ್ಡ ಆಂಟೆನಾ. ಆದರೆ ಮುಖ ನೋಡಿ. ಮೀಸೆ ಇಲ್ಲ. ಗಟ್ಟಿ ಕೊಕ್ಕಿಲ್ಲ, ಮೆತ್ತನೆಯ ಬಾಯಿಯಿಂದ ಪರಾಗ ನೆಕ್ಕುತ್ತಿದೆ. ನೆತ್ತಿಯಲ್ಲಿ ಗುಳಿ ಇಲ್ಲ. ಪಾಪದ್ದು. ಹಳೆಯ ಕಾಲದ ಯುರೋಪಿನಲ್ಲಿ ಸತ್ತ ಎತ್ತಿನ ಮೈಯಿಂದ ಜೇನು ಹುಟ್ಟುತ್ತದೆ ಅನ್ನುವ ನಂಬಿಕೆ ಶತಮಾನಗಳ ಕಾಲ ಇತ್ತು. 1894ರಲ್ಲಿ ಓಸ್ಟೆನ್ ಸಾಕೆನ್ ಅನ್ನುವವರು ಅದರ ಮೂಲ ಈ ಹೂನೊಣವೇ ಇರಬೇಕು ಅಂತ ವಿವರಿಸಿದರು. ರಷ್ಯಾದ ರಾಜತಾಂತ್ರಿಕರಾಗಿದ್ದ ಅವರು ನೊಣಗಳ ದೊಡ್ಡ ಪಂಡಿತರೂ ಹೌದು. ಎರಿಸ್ಟಾಲಿಸ್ ಅನ್ನುವ ಈ ನೊಣದ ಮರಿ ಕೊಳೆತ ನೀರಿನಲ್ಲಿ, ಕೊಳೆತ ವಸ್ತುವಿನಲ್ಲಿ ಬೆಳೆಯುತ್ತದೆ. ಅಲ್ಲಿಂದ ಜೇನಿನಂಥದ್ದು ಎದ್ದು ಬಂದರೆ ಜನ ಇನ್ನೇನು ಅಂದುಕೊಳ್ಳಬೇಕು? ಎರಡು ಸಾವಿರ ವರ್ಷ ಓದಿದವರೇ ಏಮಾರಿದ್ದಾರೆ. ನಾವು ಒಂದು ಫೋಟೋದಲ್ಲಿ ಏಮಾರಿದರೆ ನಾಚಿಕೊಳ್ಳಬೇಕಾಗಿಲ್ಲ.

ಇನ್ನೊಂದು ಜಾತಿ ಬೀ ಫ್ಲೈ, ಬಾಂಬಿಲಿಡೆ ಕುಟುಂಬದ್ದು. ತುಪ್ಪಳದ ಉಂಡೆ ಥರ ಇರುತ್ತದೆ. ಕೆಲವಕ್ಕೆ ಮುಂದೆ ಉದ್ದ ಕೊಕ್ಕು ಇರುವುದರಿಂದ ದರೋಡೆ ನೊಣ ಅಂದುಕೊಳ್ಳುವವರಿದ್ದಾರೆ. ಆದರೆ ಅದು ಹೂವಿನ ಮುಂದೆ ಗಾಳಿಯಲ್ಲಿ ನಿಂತು ರಸ ಕುಡಿಯುತ್ತದೆ. ಕಾಲು ಕಡ್ಡಿಯಷ್ಟು ಸಪೂರ. ಆ ಕಾಲಿನಲ್ಲಿ ಜೇನು ಹಿಡಿಯಲು ಸಾಧ್ಯವೇ ಇಲ್ಲ.

ಸರಿ, ಈ ವೇಷ ಯಾಕೆ? ಉತ್ತರದ ಅರ್ಧ ಎಲ್ಲರಿಗೂ ಗೊತ್ತು. ಹೆನ್ರಿ ಬೇಟ್ಸ್ 1848ರಿಂದ 1859ರವರೆಗೆ ಅಮೆಜಾನ್ ಕಾಡಿನಲ್ಲಿ ಕೀಟ ಸಂಗ್ರಹಿಸಿ, 1862ರಲ್ಲಿ ಚಿಟ್ಟೆಗಳ ಆಧಾರದ ಮೇಲೆ ಒಂದು ವಿಚಾರ ಮುಂದಿಟ್ಟರು. ಬಾಯಿಗೆ ಹಿಡಿಸದ ಜೀವಿಯನ್ನು ರುಚಿಯಾದ ಜೀವಿ ಹೋಲುತ್ತಿದ್ದರೆ ಹಕ್ಕಿಗಳು ಎರಡನ್ನೂ ಬಿಟ್ಟುಬಿಡುತ್ತವೆ ಅಂತ. ಜೇನಿಗೆ ಕೊಂಡಿ ಇದೆ, ನೊಣಕ್ಕಿಲ್ಲ. ಜೇನಿನಂತೆ ಕಂಡರೆ ನೊಣಕ್ಕೆ ಲಾಭ.

ಇದು ನಿಜಕ್ಕೂ ನಡೆಯುತ್ತದಾ ಅಂತ ಪರೀಕ್ಷೆ ಮಾಡಿದವರು ಲಿಂಕನ್ ಬ್ರೋವರ್, ಜೇನ್ ಬ್ರೋವರ್ ಮತ್ತು ಅವರ ಜೊತೆಗಾರ ವೆಸ್ಟ್‌ಕಾಟ್. ಫ್ಲೋರಿಡಾದ ಮ್ಯಾಲೊಫೊರ ನೊಣ, ಅದು ಹೋಲುವ ಬಂಬಲ್ ಬೀ ಅನ್ನುವ ರೋಮದ ದಪ್ಪ ಜೇನು, ಮತ್ತೆ ಅಲ್ಲಿನ ನೆಲಗಪ್ಪೆಗಳು. 1960ರಲ್ಲಿ ಪ್ರಕಟವಾದ ಕೆಲಸ. ಜೇನಿನ ಅನುಭವ ಇಲ್ಲದ ಕಪ್ಪೆಗಳು ನೊಣವನ್ನು ತಿಂದವು. ಬಂಬಲ್ ಬೀ ಹಿಡಿಯಲು ಹೋಗಿ ನಾಲಿಗೆಗೆ ಕುಟುಕಿಸಿಕೊಂಡ ಕಪ್ಪೆಗಳು ಆಮೇಲೆ ಬಂಬಲ್ ಬೀಯನ್ನೂ ಮುಟ್ಟಲಿಲ್ಲ, ನೊಣವನ್ನೂ ಹೆಚ್ಚಾಗಿ ಮುಟ್ಟಲಿಲ್ಲ. ವೇಷ ಕೆಲಸ ಮಾಡಿತು.

ಇನ್ನರ್ಧ ಉತ್ತರದ ಬಗ್ಗೆ ಜಗಳ ಇದೆ. ಕುರಿಯ ತೊಗಲು ಹೊದ್ದ ತೋಳದ ವಾದ. ಜೇನಿನಂತೆ ಕಂಡರೆ ಜೇನಿನ ಹತ್ತಿರ ಹೋಗುವುದು ಸುಲಭ, ಅದಕ್ಕೇ ಈ ವೇಷ ಅನ್ನುವುದು. ಕೇಳಲು ಚೆಂದ. ನನಗೆ ಅಷ್ಟು ಒಪ್ಪಿಗೆ ಇಲ್ಲ. ದರೋಡೆ ನೊಣ ಮೆಲ್ಲಗೆ ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳುವ ಬೇಟೆಗಾರ ಅಲ್ಲ. ದೂರದಲ್ಲಿ ಕೂತು, ನೋಡಿ, ಬಾಣದ ವೇಗದಲ್ಲಿ ಬಂದು ಹಿಡಿಯುತ್ತದೆ. ಜೇನಿಗೆ ಅದರ ವೇಷ ನೋಡಲು ಸಮಯವೇ ಸಿಗುವುದಿಲ್ಲ. ಮೇಲಾಗಿ ಲಾಫ್ರಿಯಗಳ ಊಟದಲ್ಲಿ ಜೀರುಂಡೆ, ಬೇರೆ ನೊಣ, ತಿಗಣೆ ಜಾತಿಯ ಕೀಟ ಎಲ್ಲ ಇರುತ್ತವೆ. ಬರೀ ಜೇನಿಗಾಗಿ ಹಾಕಿದ ವೇಷ ಇದಲ್ಲ.

ಆದರೆ ನನ್ನ ಈ ಮಾತಿಗೆ ಅಡ್ಡ ನಿಲ್ಲುವ ಒಂದು ನೊಣ ಇದೆ. ಅದು ನಮ್ಮ ಕಡೆಯದೇ. ಹೆಸರು ಹೈಪರೇಕಿಯ. ಈ ಕುಲದ ನೊಣಗಳು ಆಫ್ರಿಕದಲ್ಲೂ ಏಷ್ಯಾದಲ್ಲೂ ಇವೆ. ಭಾರತದಲ್ಲಿರುವುದು ಹೈಪರೇಕಿಯ ಕ್ಸೈಲೊಕೊಪಿಫಾರ್ಮಿಸ್. ನಮ್ಮಲ್ಲಿ ದಕ್ಷಿಣದಲ್ಲಿ ಅಮೆರಿಕದವರ ಬಂಬಲ್ ಬೀ ಇಲ್ಲ. ಭಾರತದ ಬಂಬಲ್ ಬೀಗಳೆಲ್ಲ ಹಿಮಾಲಯದ ಕಡೆಯವು. ಇಲ್ಲಿ ನಾವು ದುಂಬಿ ಅನ್ನುವುದು ಮರ ಕೊರೆಯುವ ಕಾರ್ಪೆಂಟರ್ ಬೀಯನ್ನು, ಕ್ಸೈಲೊಕೋಪ ಕುಲದ್ದನ್ನು. ಹಳೇ ಮನೆಯ ತೊಲೆಗೆ, ಚಪ್ಪರದ ಬಿದಿರಿಗೆ ಗುಂಡನೆ ತೂತು ಕೊರೆದು ಒಳಗೆ ಮರಿ ಮಾಡುವ ದೊಡ್ಡ ಕಪ್ಪು ದುಂಬಿ. ಬಿಸಿಲಿಗೆ ರೆಕ್ಕೆ ನೀಲಿ, ನೇರಳೆ ಹೊಳೆಯುತ್ತದೆ. ಹೈಪರೇಕಿಯ ಹೋಲುವುದು ಇದನ್ನೇ. ದಪ್ಪ ಕಪ್ಪು ಮೈ, ಕಾಲಿನ ಮೇಲೆ ಒತ್ತಾದ ಕಪ್ಪು ರೋಮ, ರೆಕ್ಕೆಯೂ ಕಪ್ಪು.

ಈ ಕುಲದ ಮರಿಗಳು ದುಂಬಿ ಕೊರೆದ ಸುರಂಗದೊಳಗೆ ಇದ್ದು ದುಂಬಿಯ ಮರಿಗಳನ್ನೇ ತಿನ್ನುತ್ತವೆ. ಆಫ್ರಿಕದ ಹೈಪರೇಕಿಯಗಳಲ್ಲಿ ಇದನ್ನು ಕಂಡು, ಆಕ್ಸ್‌ಫರ್ಡಿನ ಎಡ್ವರ್ಡ್ ಪೌಲ್ಟನ್ 1924ರಲ್ಲೇ ಬರೆದಿದ್ದಾರೆ. ಅಂದರೆ ಇಲ್ಲಿ ತಾಯಿ ನೊಣಕ್ಕೆ ದುಂಬಿಯ ಮನೆ ಬಾಗಿಲ ಹತ್ತಿರ ಓಡಾಡುವ ಕೆಲಸ ಇದೆ. ಅಲ್ಲಿ ದುಂಬಿಯಂತೆ ಕಾಣುವುದರಿಂದ ಲಾಭ ಇರಬಹುದಾ? ವಾದಕ್ಕೆ ಜಾಗ ಇದೆ. ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ ವೇಷ ಆಮೇಲೆ ಈ ಕೆಲಸಕ್ಕೂ ಬಂತು ಅಂದರೆ ನಾನು ತಲೆ ಆಡಿಸುತ್ತೇನೆ. ಆದರೆ ಲಾಫ್ರಿಯ, ಮ್ಯಾಲೊಫೊರಗಳಿಗೂ ಅದೇ ಕಥೆ ಅಂಟಿಸುವುದಕ್ಕೆ ಒಪ್ಪುವುದಿಲ್ಲ. ಲಾಫ್ರಿಯದ ಮರಿ ಇರುವುದು ಕೊಳೆತ ಮರದಲ್ಲಿ. ಅಲ್ಲಿನ ಜೀರುಂಡೆ ಮರಿಗಳು ಅದರ ಊಟ.

ಹೈಪರೇಕಿಯ ಹುಡುಕುವವರಿಗೆ ಒಂದು ಸುಳಿವು. ಹೂವಿನ ಹತ್ತಿರ ಬೇಡ, ದುಂಬಿ ಕೊರೆದ ಒಣಮರದ ಹತ್ತಿರ ನೋಡಿ. ಕಪ್ಪು ದುಂಬಿಯೊಂದು ಹೂವಿಗೂ ಹೋಗದೆ, ತೂತಿಗೂ ನುಗ್ಗದೆ, ಕಡ್ಡಿಯ ಮೇಲೆ ಕೂತು ತಲೆ ಹೊರಳಿಸುತ್ತಿದೆ ಅಂದರೆ ಅನುಮಾನ ಪಡಿ. ಆಮೇಲೆ ಆಂಟೆನಾ ನೋಡಿ. ಗಿಡ್ಡ ಇದ್ದರೆ ಎದುರಿಗೆ ಹೋಗಿ ಮುಖದ ಫೋಟೋ ತೆಗೆಯಿರಿ.

ಫೋಟೋದ ವಿಷಯಕ್ಕೆ ಬಂದರೆ, ನಮ್ಮವರು ಕಳಿಸುವುದರಲ್ಲಿ ಬಹುಪಾಲು ಬೆನ್ನಿನ ಚಿತ್ರ. ಬೆನ್ನು ಚೆಂದ ಕಾಣುತ್ತದೆ, ನಿಜ. ಆದರೆ ಬೆನ್ನು ಅಂದರೆ ಬರೀ ವೇಷ. ಮುಖದ್ದೊಂದು, ಪಕ್ಕದ್ದೊಂದು ಬೇಕೇ ಬೇಕು. ಯಾವ ಬಗೆ ಅಂತ ಹೆಸರು ಹಿಡಿಯುವಾಗ ಮಾತ್ರ ಬಣ್ಣ ಮತ್ತೆ ಕೆಲಸಕ್ಕೆ ಬರುತ್ತದೆ. ಲಾಫ್ರಿಯಗಳಲ್ಲಿ ಮೀಸೆ ಹಳದಿಯೋ ಕಪ್ಪೋ, ಎದೆಯ ಹಿಂತುದಿಯ ಸಣ್ಣ ತಟ್ಟೆಯ ಮೇಲಿನ ರೋಮ ಯಾವ ಬಣ್ಣ, ಹೊಟ್ಟೆಯ ಯಾವ ಪಟ್ಟಿಯಲ್ಲಿ ಹಳದಿ ಇದೆ, ಕಾಲಿನ ರೋಮ ಹೇಗಿದೆ, ಇಷ್ಟೂ ನೋಡಿಯೇ ಬಗೆ ಬೇರೆ ಮಾಡುವುದು. ದರೋಡೆ ನೊಣದ ಫೋಟೋ ತೆಗೆಯುವುದು ಚಿಟ್ಟೆಗಿಂತ ಸುಲಭ. ಹಾರಿಹೋದರೂ ಅದೇ ಜಾಗಕ್ಕೆ ಬರುತ್ತದೆ. ಅಲ್ಲೇ ಕೂತು ಕಾಯಿರಿ. ಬೇಟೆ ಹಿಡಿದು ತಿನ್ನುತ್ತಿರುವಾಗ ಇನ್ನೂ ಹತ್ತಿರ ಹೋಗಬಹುದು, ಅದರ ಗಮನ ಊಟದ ಮೇಲಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳದಿದ್ದರೆ ಸಾಕು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯ ಪ್ರಶ್ನೆ: ಜೇನಿಗೆ ಕೊಂಡಿ ಇದೆಯಲ್ಲ, ಅದು ನೊಣವನ್ನು ಯಾಕೆ ಕುಟುಕುವುದಿಲ್ಲ?

ಕುಟುಕಲು ನೋಡುತ್ತದೆ. ಸಮಯ ಸಿಗುವುದಿಲ್ಲ. ನೊಣ ಹಿಡಿದ ಕೂಡಲೇ ಕತ್ತಿನ ಸಂದಿಗೋ, ಕಣ್ಣಿಗೋ, ಮೈಯ ಇನ್ಯಾವುದೋ ಮೆತ್ತನೆಯ ಜಾಗಕ್ಕೋ ಕೊಕ್ಕು ಇಳಿಸುತ್ತದೆ. ಕೊಕ್ಕಿನಿಂದ ಒಂದು ವಿಷದ ರಸ ಒಳಗೆ ಹೋಗುತ್ತದೆ. ನರಗಳನ್ನು ಕೆಡಿಸುವ ಭಾಗವೂ ಅದರಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದರಿಂದ ಅಸಿಲಿಡಿನ್ ಅನ್ನುವ ಪ್ರೋಟೀನ್‌ಗಳನ್ನು ಗುರುತಿಸಿ, ಒಂದನ್ನು ಜೇನುಹುಳಕ್ಕೆ ಚುಚ್ಚಿ ಪರೀಕ್ಷಿಸಿದರು. ನರಗಳ ಮೇಲೆ ಪರಿಣಾಮ ಕಂಡಿತು. ಬೇಟೆ ಬೇಗ ಸ್ತಬ್ಧವಾಗುತ್ತದೆ. ಆಮೇಲೆ ಅದೇ ರಸ ಒಳಗಿನದನ್ನೆಲ್ಲ ಕರಗಿಸುತ್ತದೆ, ನೊಣ ಹೀರುತ್ತದೆ. ಕೊನೆಗೆ ಖಾಲಿ ಚಿಪ್ಪು ಕೆಳಗೆ ಬೀಳುತ್ತದೆ. ಕಡ್ಡಿಯ ಬುಡದಲ್ಲಿ ಇಂಥ ಚಿಪ್ಪುಗಳು ಬಿದ್ದಿದ್ದರೆ ಮೇಲೆ ಕಣ್ಣು ಹಾಯಿಸಿ.

ಒಬ್ಬ ತಂದೆಯ ಪ್ರಶ್ನೆ: ಮಕ್ಕಳು ಹಿಡಿದರೆ ಅಪಾಯ ಇದೆಯಾ?

ಕೊಂಡಿ ಇಲ್ಲ, ತಾನಾಗಿ ಬಂದು ಕಚ್ಚುವುದೂ ಇಲ್ಲ. ಬರಿಗೈಯಲ್ಲಿ ಹಿಡಿದರೆ ಮಾತ್ರ ಕೊಕ್ಕಿನಿಂದ ಚುಚ್ಚುತ್ತದೆ, ಚೆನ್ನಾಗಿಯೇ ನೋಯುತ್ತದೆ. ನೋಡಲಿ, ಹಿಡಿಯುವುದು ಬೇಡ. ಇನ್ನೊಂದು ಕಾರಣ ಇದೆ. ನೀವು ನೊಣ ಅಂದುಕೊಂಡು ಹಿಡಿದದ್ದು ನಿಜವಾದ ದುಂಬಿಯೇ ಆಗಿದ್ದರೆ?

ಜೇನು ಸಾಕುವವರೊಬ್ಬರ ಪ್ರಶ್ನೆ: ಪೆಟ್ಟಿಗೆಯ ಹತ್ತಿರ ಕಂಡರೆ ಹೊಡೆದು ಹಾಕಬೇಕಾ?

ಬೇಡ. ಒಂದು ತುಡುವೆ ಕುಟುಂಬದಲ್ಲಿ ಸಾವಿರಾರು ಹುಳ ಇರುತ್ತವೆ. ದರೋಡೆ ನೊಣ ಒಂದೊಂದನ್ನೇ ಹಿಡಿದು ಸಾವಕಾಶವಾಗಿ ತಿನ್ನುವ ಪೈಕಿ. ಪೆಟ್ಟಿಗೆಗೆ ನಿಮ್ಮ ಚಿಂತೆ ಮೇಣದ ಹುಳು, ಕಣಜ, ಇರುವೆ ಇವುಗಳ ಬಗ್ಗೆ ಇರಲಿ. ದೊಡ್ಡ ತಲೆನೋವಾದ ಜಾಗ ಒಂದಿದೆ, ಅರ್ಜೆಂಟೀನಾದ ಪಂಪಾಸ್ ಬಯಲು. ಅಲ್ಲಿ ಮ್ಯಾಲೊಫೊರ ರೂಫಿಕೌಡ ಅನ್ನುವ ದುಂಬಿ ವೇಷದ ನೊಣ ಜೇನು ಸಾಕುವವರಿಗೆ ನಿಜವಾದ ಪೀಡೆ. ತಮಾಷೆ ಅಂದರೆ ಅದೇ ನೊಣ ರೈತರಿಗೆ ಉಪಕಾರಿ. ತಾಯಿ ಎತ್ತರದ ಹುಲ್ಲಿನ ಮೇಲೆ, ಬೇಲಿ ತಂತಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಗಾಳಿಗೆ ಉದುರಿ, ಮಣ್ಣೊಳಗೆ ಇಳಿದು, ಬೇರು ತಿನ್ನುವ ಗೊಣ್ಣೆ ಹುಳವನ್ನು ಹುಡುಕಿ ಅದರ ಮೈಗೆ ಅಂಟಿಕೊಂಡು ಬೆಳೆಯುತ್ತದೆ.

ಹಿಂದಿನ ಸಾಲಿನಿಂದ ಅಡಿಕೆ ತೋಟದವರೊಬ್ಬರು, "ಹಾಗಾದರೆ ನಾಲ್ಕು ತರಿಸಿ ನಮ್ಮ ತೋಟಕ್ಕೆ ಬಿಡಿ ಸಾರ್" ಅಂದರು. ಸಭೆ ನಕ್ಕಿತು. ಜೇನು ಸಾಕುವವರು ಮಾತ್ರ ನಗಲಿಲ್ಲ.